ಸರ್ವರ್ ಲಾಕ್ ಆದ ದಿನ ವಕೀಲರ ಜೊತೆಗಿನ ಮಾತು ಗೋಪ್ಯವಾಗಿ ಉಳಿಯಬೇಕಾದರೆ ಏನು ಮಾಡಬೇಕು?

ಗಂಗಾವತಿ ಗಿರಣಿ ಲೆಕ್ಕ

ಒಂದು ಅಕ್ಕಿ ಗಿರಣಿ ಅಂತ ಇಟ್ಕೊಳ್ರಿ, ಇಲ್ಲಾ ಕೊಪ್ಪಳ ಕಡೆ ಸ್ಪಾಂಜ್ ಐರನ್ ಕಾರ್ಖಾನೆ ಅನ್ರಿ. ಟ್ಯಾಲಿ ಸರ್ವರ್, ವೇಬ್ರಿಡ್ಜ್ ಕಂಪ್ಯೂಟರ್, ರೈತರ ಬ್ಯಾಂಕ್ ಖಾತೆ ಪಟ್ಟಿ, ಕೆಲಸಗಾರರ ಆಧಾರ್ ಪ್ರತಿ, ಎಲ್ಲಾ ಒಂದ ನೆಟ್‌ವರ್ಕ್‌ನ್ಯಾಗ. ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ರೊಕ್ಕ ಕೇಳೋ ವೈರಸ್) ಬಿದ್ದು ಎಲ್ಲಾ ಫೈಲ್ ಲಾಕ್. ಫೊರೆನ್ಸಿಕ್‌ನವರನ್ನ ಕರೆಸಿ "ಕಳ್ಳ ಹೆಂಗ ಒಳಗ ಬಂದ" ಅಂತ ವರದಿ ಬರೆಸಿದ್ರ, ನಾಳೆ ಖರೀದಿದಾರ ದಾವೆ ಹಾಕಿದಾಗ ಅದ ವರದಿ ನಮ್ಮ ವಿರುದ್ಧ ಕೋರ್ಟಿಗೆ ಬರತೈತೇನು? ವಕೀಲರ ಮೂಲಕ ಮಾಡಿಸಿದ್ರ ಬರಂಗಿಲ್ಲ ಅಂತಾರ. ಪ್ರತಿ ಹಾಳಿ ಮ್ಯಾಲೆ "ಗೋಪ್ಯ: ವಕೀಲ-ಕಕ್ಷಿದಾರ ಸಂವಹನ" ಅಂತ ಮುದ್ರೆ ಹೊಡದ್ರ ಸಾಕಾಗತೈತೇನು? ಆರು ತಾಸಿನೊಳಗ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಸಬೇಕಂತನೂ ಐತಿ. ಅಲ್ಲಿ ಎಲ್ಲಾ ಬರದ್ರ ಗೋಪ್ಯತೆ ಎಲ್ಲಿ ಉಳೀತು? ತಿಳದವ್ರು ಹೇಳ್ರಿ.

ಕೋರ್ಟ್ ರಸ್ತೆ ಬಳ್ಳಾರಿ

ಮುದ್ರೆಯಿಂದ ಏನೂ ಆಗುವುದಿಲ್ಲ ಸರ್. ಕಾಗದವನ್ನು ಯಾರು ಕೇಳಿದರು, ಯಾಕೆ ಕೇಳಿದರು, ಬಂದ ಮೇಲೆ ಅದು ಯಾರ ಯಾರ ಕೈ ಸೇರಿತು, ನ್ಯಾಯಾಲಯ ನೋಡುವುದು ಈ ಮೂರನ್ನು. ಇವು ಮೂರೂ ಮೊದಲ ದಿನವೇ ತೀರ್ಮಾನ ಆಗಿಬಿಟ್ಟಿರುತ್ತವೆ. ಆರು ತಿಂಗಳ ನಂತರ ದಾವೆ ಬಂದಾಗ ವಕೀಲರನ್ನು ಹುಡುಕಿದರೆ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ.

ಮೊದಲು ಕಾನೂನು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಭಾರತೀಯ ಸಾಕ್ಷ್ಯ ಅಧಿನಿಯಮ, 2023. ಕಲಂ 132ರ ಪ್ರಕಾರ ಕಕ್ಷಿದಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ವಕೀಲರು ವೃತ್ತಿಯ ಸಂಬಂಧದಲ್ಲಿ ಬಂದ ಮಾತನ್ನಾಗಲಿ, ಕೊಟ್ಟ ಸಲಹೆಯನ್ನಾಗಲಿ ಬಹಿರಂಗ ಮಾಡುವಂತಿಲ್ಲ. ಇದು ವಕೀಲರ ಗುಮಾಸ್ತರಿಗೆ, ನೌಕರರಿಗೆ, ದುಭಾಷಿಗೂ ಅನ್ವಯ. ಕಲಂ 134 ಕಕ್ಷಿದಾರನ ಕಡೆಯದು: ಕಾನೂನು ಸಲಹೆಗಾರರ ಜೊತೆ ನಡೆದ ಗೋಪ್ಯ ಸಂವಹನವನ್ನು ಕೋರ್ಟಿಗೆ ಹೇಳು ಎಂದು ಅವನನ್ನು ಬಲವಂತ ಮಾಡುವಂತಿಲ್ಲ. ಆದರೆ ಅವನೇ ಸಾಕ್ಷಿ ಕಟಕಟೆ ಹತ್ತಿದರೆ, ಕೊಟ್ಟ ಸಾಕ್ಷ್ಯವನ್ನು ವಿವರಿಸಲು ಬೇಕಾಗುವಷ್ಟನ್ನು ಕೋರ್ಟು ಹೇಳಿಸಬಹುದು. ಈ ಕೊನೆಯ ವಾಕ್ಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಎರಡು ಕಲಂಗಳಲ್ಲಿ ಎಲ್ಲೂ ಫೊರೆನ್ಸಿಕ್ ತಜ್ಞನ ಹೆಸರಿಲ್ಲ. ನಿಮ್ಮ ಆಡಿಟರ್ ಹೆಸರೂ ಇಲ್ಲ. ನಮ್ಮ ಕಡೆ ಏನೇ ಆದರೂ ಮೊದಲ ಫೋನ್ ಹೋಗುವುದು ಆಡಿಟರ್‌ಗೆ. ಅವರ ಜೊತೆ ವಾಟ್ಸಾಪ್‌ನಲ್ಲಿ ಆಡಿದ ಮಾತಿಗೆ ಈ ರಕ್ಷಣೆ ಇಲ್ಲ. ತಜ್ಞರ ಬರಹ ರಕ್ಷಣೆಯೊಳಗೆ ಬರುವ ದಾರಿ ಒಂದೇ: ಸಲಹೆ ಕೊಡಲು ವಕೀಲರಿಗೇ ಬೇಕಾಗಿ, ವಕೀಲರೇ ಕೇಳಿ, ವಕೀಲರಿಗೇ ಬಂದದ್ದಾಗಿರಬೇಕು.

ಇನ್ನೊಂದು ಮಾತು. ವಾಸ್ತವಾಂಶ ಎಂದೂ ಗೋಪ್ಯ ಆಗುವುದಿಲ್ಲ. ಫೈರ್‌ವಾಲ್ ಲಾಗ್ (ಯಂತ್ರ ತಾನೇ ಬರೆದಿಡುವ ದಾಖಲೆ), ಸರ್ವರ್, ಸುಲಿಗೆಯ ಚೀಟಿ, ಇವನ್ನು ವಕೀಲರ ಕಚೇರಿಯ ಕಪಾಟಿನಲ್ಲಿ ಇಟ್ಟರೂ ಕೋರ್ಟು ತರಿಸಬಹುದು. ರಕ್ಷಣೆ ಇರುವುದು "ಇದರಿಂದ ನಮಗೆ ಯಾವ ಹೊಣೆ ಬರುತ್ತದೆ, ಏನು ಮಾಡಬೇಕು" ಎಂಬ ಮಾತುಕತೆಗೆ.

ರಾಯಚೂರು ಲಾಗ್ಸ್

ವಕೀಲರು ಹೇಳಿದ್ದು ಖರೇ ಅದ. ಆದ್ರ ವಕೀಲರು ಬರೋತನಕ ಕೈ ಕಟ್ಟಿ ಕೂತ್ರ ಲಾಗ್ ಹೋಗಿಬಿಡ್ತಾವ. ಅದಕ್ಕ ಮೊದಲ ತಾಸಿನ ಕೆಲಸ ಬರೀತೀನಿ.

ಕಂಪ್ಯೂಟರ್ ಆಫ್ ಮಾಡಬ್ಯಾಡ್ರಿ. ನೆಟ್‌ವರ್ಕ್ ಕೇಬಲ್ ಕೀಳ್ರಿ, ವೈಫೈ ಆರಿಸ್ರಿ. ಆಫ್ ಮಾಡಿದ್ರ ರ‍್ಯಾಮ್‌ನ್ಯಾಗ ಇದ್ದದ್ದೆಲ್ಲಾ ಹೋಯ್ತು, ಕೆಲವೊಮ್ಮೆ ಬೀಗದ ಕೀಲಿ ಸೈತ ಅಲ್ಲೇ ಇರ್ತದ. ವಿಂಡೋಸ್‌ನ ಸೆಕ್ಯುರಿಟಿ ಲಾಗ್ ಡೀಫಾಲ್ಟ್ ಗಾತ್ರ ಬರೇ 20 ಎಂಬಿ. ತುಂಬಿದ ಮ್ಯಾಲೆ ಹಳೇದರ ಮ್ಯಾಲೆನೇ ಬರಕೋತದ. ಹೊರಗಿನಿಂದ ಪಾಸ್‌ವರ್ಡ್ ಊಹೆ ಮಾಡಿ ನುಗ್ಗೋ ದಾಳಿ ಇದ್ರ 4625 ನಂಬರಿನ (ಲಾಗಿನ್ ವಿಫಲ) ನಮೂದು ಸಾವಿರಗಟ್ಟಲೆ ಬೀಳ್ತಾವ, ತಾಸೊಪ್ಪತ್ತಿನೊಳಗ ಬೇಕಾದ 4624 (ಲಾಗಿನ್ ಯಶಸ್ವಿ) ನಮೂದು ಅಳಿಸಿ ಹೋಗ್ತದ. ಅದಕ್ಕ ಮೊದಲು ಲಾಗ್ ಹೊರಗ ತಗೀರಿ. 1102 ನಮೂದು ಕಂಡ್ರ ಯಾರೋ ಲಾಗನ್ನೇ ಅಳಿಸ್ಯಾರ ಅಂತ ಅರ್ಥ.

ಆಮ್ಯಾಲೆ ಡಿಸ್ಕ್ ಇಮೇಜ್. ರೈಟ್ ಬ್ಲಾಕರ್ (ಮೂಲ ಡಿಸ್ಕಿನ ಮ್ಯಾಲೆ ಏನೂ ಬರೀದಂಗ ತಡಿಯೋ ಸಾಧನ) ಹಾಕಿ ಪೂರ್ತಿ ಡಿಸ್ಕಿನ ಪ್ರತಿ ತಗೊಂಡು, ಶಾ-256 ಹ್ಯಾಶ್ (ಪ್ರತಿ ಬದಲಾಗಿಲ್ಲ ಅಂತ ತೋರಸೋ ಡಿಜಿಟಲ್ ಬೆರಳಚ್ಚು) ತಗೀರಿ. ಎರಡು ಪ್ರತಿ ಮಾಡ್ರಿ, ಒಂದು ಸೀಲ್ ಮಾಡಿ ಇಡೋದು, ಇನ್ನೊಂದು ಕೆಲಸಕ್ಕ. ರಿಜಿಸ್ಟರ್‌ನ್ಯಾಗ ಡಿಸ್ಕಿನ ಸೀರಿಯಲ್ ನಂಬರ್, ದಿನಾಂಕ, ವೇಳೆ, ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಸಹಿ. ವೇಳೆ ಬರೆಯುವಾಗ ಎಚ್ಚರ. ವಿಂಡೋಸ್ ಒಳಗ ವೇಳೆ ಯುಟಿಸಿನ್ಯಾಗ (ಜಾಗತಿಕ ಪ್ರಮಾಣ ವೇಳೆ) ಇರ್ತದ, ಪರದೆ ಮ್ಯಾಲೆ ನಮ್ಮ ವೇಳೆ ತೋರಸ್ತದ, ಫೈರ್‌ವಾಲ್ ಎರಡರಾಗ ಯಾವುದನ್ನಾದ್ರೂ ತೋರಸಬಹುದು. 5 ತಾಸು 30 ನಿಮಿಷದ ಫರಕು ಹಿಡಿಯದೇ ಹೋದ್ರ "ಕಳ್ಳ ಬರೋದಕ್ಕಿಂತ ಮೊದಲ ಫೈಲ್ ಹೋಗಿತ್ತು" ಅನ್ನೋ ಹಂಗ ಕಾಣ್ತದ. ಎದುರಿನ ವಕೀಲರು ಅದನ್ನ ಬಿಡಂಗಿಲ್ಲ.

ಇದೆಲ್ಲಾ ವಾಸ್ತವಾಂಶದ ಕೆಲಸ, ಗೋಪ್ಯ ಅಲ್ಲ. ಯಾರ ಅಪ್ಪಣೆಗೂ ಕಾಯಬ್ಯಾಡ್ರಿ. ಆದ್ರ ಒಂದು ಮಾತು ಪಾಲಿಸ್ರಿ: ಕಾರಣ ಏನು, ತಪ್ಪು ಯಾರದು ಅಂತ ಬರೀಬ್ಯಾಡ್ರಿ.

ಕೋರ್ಟ್ ರಸ್ತೆ ಬಳ್ಳಾರಿ

ರಾಯಚೂರಿನವರ ಕೊನೆಯ ಮಾತನ್ನು ಹಿಡಿದು ಹೇಳುತ್ತೇನೆ. ಸಿಬ್ಬಂದಿ ವಾಟ್ಸಾಪ್ ಗುಂಪಿನಲ್ಲಿ ಇಂಥ ಸಂದೇಶ ಬಿದ್ದಿರುತ್ತದೆ:

"ಮೂರು ತಿಂಗಳಿಂದ ಹೇಳ್ತಾ ಇದ್ದೆ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ಮುಚ್ಚಿ ಅಂತ, ಸಾಹುಕಾರರು ಕೇಳಲಿಲ್ಲ, ಈಗ ಅನುಭವಿಸಿ."

ಇದಕ್ಕೆ ಯಾವ ರಕ್ಷಣೆಯೂ ಇಲ್ಲ. ಇದನ್ನು ಅಳಿಸಲೂ ಬಾರದು. ಸಾಕ್ಷ್ಯವಾಗಿ ಬೇಕಾಗುವ ಇಲೆಕ್ಟ್ರಾನಿಕ್ ದಾಖಲೆ ಸಿಗದಂತೆ ಮಾಡಲು ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 241ರ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಅಳಿಸಲು ಏನು ದಾರಿ ಎಂದು ವಕೀಲರನ್ನು ಕೇಳಿದರೆ ಆ ಮಾತಿಗೂ ರಕ್ಷಣೆ ಇಲ್ಲ. ಕಾನೂನುಬಾಹಿರ ಉದ್ದೇಶಕ್ಕೆ ಆಡಿದ ಮಾತನ್ನು ಕಲಂ 132 ಹೊರಗಿಟ್ಟಿದೆ.

ಅದೇ ವಿಷಯ ರಿಜಿಸ್ಟರ್‌ನಲ್ಲಿ ಹೀಗಿರಲಿ: "ರೌಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್) ತೆರೆದಿರುವುದು ಕಂಡಿತು. 11.40ಕ್ಕೆ ಮುಚ್ಚಲಾಯಿತು. ಸೆಟ್ಟಿಂಗ್‌ನ ಪ್ರತಿ ತೆಗೆದಿಡಲಾಗಿದೆ." ಸತ್ಯ ಒಂದಿಷ್ಟೂ ಮುಚ್ಚಿಲ್ಲ, ತೀರ್ಪನ್ನೂ ಬರೆದಿಲ್ಲ. ಪೋರ್ಟ್ ತೆರೆದಿದ್ದು ನಿರ್ಲಕ್ಷ್ಯವೇ, ಖರೀದಿ ಒಪ್ಪಂದದ ಷರತ್ತು ಮುರಿದಂತಾಯಿತೇ, ಈ ಪ್ರಶ್ನೆಗಳು ವಕೀಲರ ಕೋಣೆಯಲ್ಲಿ.

ಸರ್ಟ್-ಇನ್ ವಿಚಾರಕ್ಕೆ ಬರೋಣ. 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 70ಬಿ ಅಡಿಯ ಕಡ್ಡಾಯ ಇದು, ಗೋಪ್ಯತೆ ಹೇಳಿ ತಪ್ಪಿಸಿಕೊಳ್ಳಲು ಆಗದು. ತಪ್ಪಿಸಿಕೊಳ್ಳುವ ಅಗತ್ಯವೂ ಇಲ್ಲ. ಅವರು ಕೇಳುವುದು ಯಾವ ಯಂತ್ರ, ಯಾವ ಐಪಿ ವಿಳಾಸ, ಯಾವಾಗ ಕಂಡಿತು, ಏನು ಲಕ್ಷಣ ಎಂಬುದು. ಆ ಹೊತ್ತಿಗೆ ಗೊತ್ತಿದ್ದಷ್ಟು ಕೊಟ್ಟು ಉಳಿದದ್ದನ್ನು ಆಮೇಲೆ ಕಳಿಸಬಹುದು. ಎಡವಟ್ಟಾಗುವುದು ಎಲ್ಲಿ ಎಂದರೆ, ಗಾಬರಿಯಲ್ಲಿ ವಕೀಲರ ಟಿಪ್ಪಣಿಯನ್ನೋ ತಜ್ಞರ ಕರಡನ್ನೋ ಹಾಗೇ ಲಗತ್ತಿಸಿ ಕಳಿಸುವಲ್ಲಿ. ವರದಿಗಾಗಿ ಹೊಸದಾಗಿ ಒಂದು ಪುಟ ಬರೆಯಿರಿ.

ತೋರಣಗಲ್ಲು ಐಟಿ

ದೊಡ್ಡ ಕಾರ್ಖಾನೆಗಳಲ್ಲಿ ಸ್ವಂತ ಕಾನೂನು ವಿಭಾಗ ಇರುತ್ತೆ ಸರ್. ಘಟನೆ ಆದಾಗ ಎಲ್ಲ ಮೇಲ್‌ಗೂ ಕಾನೂನು ಅಧಿಕಾರಿಗೆ ಒಂದು ಪ್ರತಿ ಹಾಕಿದರೆ ಗೋಪ್ಯ ಅಂತ ನಮ್ಮ ಕಡೆ ನಂಬಿಕೆ ಐತೆ. ಅದು ಸರಿನಾ?

ಕೋರ್ಟ್ ರಸ್ತೆ ಬಳ್ಳಾರಿ

ಸರಿ ಅಲ್ಲ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿದೆ. ತನಿಖಾ ಸಂಸ್ಥೆಗಳು ವಕೀಲರಿಗೆ ಸಮನ್ಸ್ ಕೊಡುವ ಬಗ್ಗೆ ಸ್ವಯಂಪ್ರೇರಿತವಾಗಿ ಎತ್ತಿಕೊಂಡ ಪ್ರಕರಣ ಅದು, ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ. ಸಂಬಳಕ್ಕಿರುವ ಕಾನೂನು ಅಧಿಕಾರಿ ನ್ಯಾಯಾಲಯದಲ್ಲಿ ವಕೀಲಿ ಮಾಡುವವರಲ್ಲ, ಆದ್ದರಿಂದ ಕಲಂ 132 ಅವರಿಗಿಲ್ಲ. ಕಂಪನಿಯ ಹೊರಗಿನ ಕಾನೂನು ಸಲಹೆಗಾರರಿಗೆ ಅವರು ಬರೆದದ್ದಕ್ಕೆ ಕಲಂ 134ರ ರಕ್ಷಣೆ ಉಂಟು. ಮಾಲೀಕರಿಗೂ ಅವರಿಗೂ ನಡುವೆ ಆದ ಮಾತಿಗೆ ಅದೂ ಇಲ್ಲ.

ಹಾಗಾಗಿ ಕಾನೂನು ಅಧಿಕಾರಿ ಸೇತುವೆಯಂತೆ ಕೆಲಸ ಮಾಡಲಿ. ಅಭಿಪ್ರಾಯ ಕೇಳುವ ಪತ್ರ ಹೊರಗಿನ ವಕೀಲರ ಹೆಸರಿಗೇ ಹೋಗಬೇಕು, ಉತ್ತರ ಅವರಿಂದಲೇ ಬರಬೇಕು. ಇಪ್ಪತ್ತು ಜನರಿಗೆ ಹೋಗುವ ಮೇಲ್‌ನಲ್ಲಿ ವಕೀಲರ ಹೆಸರನ್ನು ಪ್ರತಿಯ ಸಾಲಿಗೆ ಸೇರಿಸಿದ ಮಾತ್ರಕ್ಕೆ ಅದು ಸಲಹೆ ಕೇಳಿದಂತೆ ಆಗುವುದಿಲ್ಲ.

ಗಂಗಾವತಿ ಗಿರಣಿ ಲೆಕ್ಕ

ತಜ್ಞರನ್ನ ನೇಮಿಸೋ ಪತ್ರದಾಗ ಏನಿರಬೇಕು ವಕೀಲ್ರೆ? ಸ್ವಲ್ಪ ಬಿಡಿಸಿ ಹೇಳ್ರಿ.

ಕೋರ್ಟ್ ರಸ್ತೆ ಬಳ್ಳಾರಿ

ವಕೀಲರ ಲೆಟರ್‌ಹೆಡ್‌ನಲ್ಲಿ, ತಜ್ಞರ ಹೆಸರಿಗೆ, ಕೆಲಸ ಶುರುವಾಗುವ ಮೊದಲಿನ ದಿನಾಂಕ. ಮುಖ್ಯ ಸಾಲು ಹೀಗಿರಲಿ:

"ನನ್ನ ಕಕ್ಷಿದಾರರಿಗೆ ಈ ಘಟನೆಯಿಂದ ಬರಬಹುದಾದ ಹೊಣೆ ಹಾಗೂ ನಿರೀಕ್ಷಿತ ದಾವೆಯ ಬಗ್ಗೆ ಸಲಹೆ ನೀಡಲು ನನಗೆ ತಾಂತ್ರಿಕ ನೆರವು ಬೇಕಾಗಿದೆ. ಕೆಳಗಿನ ಪ್ರಶ್ನೆಗಳಿಗೆ ಉತ್ತರವನ್ನು ನನಗೆ ಮಾತ್ರ ಕೊಡತಕ್ಕದ್ದು. ನಾನು ಲಿಖಿತವಾಗಿ ಹೇಳುವವರೆಗೆ ಯಾವ ಕರಡನ್ನೂ ಬೇರೆ ಯಾರಿಗೂ ಕಳಿಸತಕ್ಕದ್ದಲ್ಲ."

ಕೆಳಗೆ ನಾಲ್ಕೋ ಐದೋ ನಿಜವಾದ ಕಾನೂನು ಪ್ರಶ್ನೆ. "ನೆಟ್‌ವರ್ಕ್ ಸುಧಾರಣೆಗೆ ಸಲಹೆ ಕೊಡಿ" ಎಂಬುದನ್ನು ಇದರಲ್ಲಿ ಸೇರಿಸಲೇಬೇಡಿ, ಅದು ವ್ಯವಹಾರದ ಕೆಲಸ. ಬಿಲ್ಲು ವಕೀಲರ ಹೆಸರಿಗೆ ಬರಲಿ, ನಿಮ್ಮ ಲೆಕ್ಕದಲ್ಲಿ ಕಾನೂನು ವೆಚ್ಚದ ಖಾತೆಗೆ ಹೋಗಲಿ.

ಈ ಬಿಲ್ಲಿನ ಮಾತು ಸಣ್ಣದು ಅನ್ನಿಸಬಹುದು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ದತ್ತಾಂಶ ಸೋರಿಕೆ ಪ್ರಕರಣದಲ್ಲಿ 2020ರಲ್ಲಿ ವರ್ಜೀನಿಯಾದ ಫೆಡರಲ್ ಕೋರ್ಟು ಮ್ಯಾಂಡಿಯಂಟ್ ಎಂಬ ಸೈಬರ್ ತನಿಖಾ ಸಂಸ್ಥೆ ಬರೆದ ವರದಿಯನ್ನು ಎದುರು ಪಕ್ಷಕ್ಕೆ ಕೊಡಿಸಿತು. ವಕೀಲರ ಮೂಲಕ ಒಪ್ಪಂದ ಇತ್ತು, ನಿಜ. ಆದರೆ ಅದಕ್ಕೆ ಮುಂಚೆಯೇ ಅದೇ ಸಂಸ್ಥೆಯ ಜೊತೆ ಅದೇ ಕೆಲಸಕ್ಕೆ ಕರಾರಿತ್ತು, ಮೊದಲ ಹಣ ಕಾನೂನು ಬಜೆಟ್‌ನಿಂದಲ್ಲದೆ ವ್ಯವಹಾರದ ವೆಚ್ಚವೆಂದು ಹೋಗಿತ್ತು, ವರದಿ ಸುಮಾರು 50 ನೌಕರರಿಗೆ, ನಾಲ್ಕು ನಿಯಂತ್ರಕ ಸಂಸ್ಥೆಗಳಿಗೆ, ಲೆಕ್ಕಪರಿಶೋಧಕರಿಗೆ ತಲುಪಿತ್ತು. ದಾವೆ ಇಲ್ಲದಿದ್ದರೂ ಇದೇ ವರದಿ ಬರುತ್ತಿತ್ತು ಎಂದಿತು ಕೋರ್ಟು. ಆಸ್ಟ್ರೇಲಿಯಾದ ದೂರಸಂಪರ್ಕ ಕಂಪನಿ ಆಪ್ಟಸ್‌ಗೂ ಡೆಲಾಯ್ಟ್ ಸಂಸ್ಥೆಯಿಂದ ಬರೆಸಿದ ವರದಿಯನ್ನು ಗೋಪ್ಯವಾಗಿ ಉಳಿಸಿಕೊಳ್ಳಲಾಗಲಿಲ್ಲ. ಘಟನೆಯ ಪರಿಶೀಲನೆ ಮಾಡಿಸುತ್ತಿದ್ದೇವೆ, ಅದರಿಂದ ಪಾಠ ಕಲಿಯುತ್ತೇವೆ ಎಂಬ ಅರ್ಥದಲ್ಲಿ ಕಂಪನಿಯೇ ಸಾರ್ವಜನಿಕವಾಗಿ ಹೇಳಿಕೊಂಡಿದ್ದರಿಂದ ಕಾನೂನು ಸಲಹೆಯೇ ಪ್ರಧಾನ ಉದ್ದೇಶ ಎಂಬ ವಾದ ನಿಲ್ಲಲಿಲ್ಲ. 2024ರಲ್ಲಿ ಮೇಲ್ಮನವಿಯೂ ಬಿತ್ತು. ಇವು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪುಗಳಲ್ಲ. ಆದರೂ ಯಾವ ಪ್ರಶ್ನೆ ಕೇಳುತ್ತಾರೆ ಎಂಬುದು ಇವುಗಳಿಂದ ತಿಳಿಯುತ್ತದೆ.

ತೋರಣಗಲ್ಲು ಐಟಿ

ಅಮೆರಿಕದ ಟಾರ್ಗೆಟ್ ಮಳಿಗೆಗಳ ಪ್ರಕರಣದಾಗ ಗೋಪ್ಯತೆ ಉಳಿಸಿಕೊಂಡ್ರಲ್ಲ? ಎರಡು ತಂಡ ಮಾಡಿದ್ರು.

ಕೋರ್ಟ್ ರಸ್ತೆ ಬಳ್ಳಾರಿ

ಹೌದು, 2015ರಲ್ಲಿ. ವೆರಿಝಾನ್‌ನದೇ ಎರಡು ಪ್ರತ್ಯೇಕ ತಂಡ: ಒಂದು ಕಾರ್ಡ್ ಕಂಪನಿಗಳಿಗಾಗಿ ಸಾಮಾನ್ಯ ತನಿಖೆ, ಇನ್ನೊಂದು ವಕೀಲರಿಗೆ ಮಾಹಿತಿ ಕೊಡಲು. ಎರಡನೆಯದಕ್ಕೆ ರಕ್ಷಣೆ ಸಿಕ್ಕಿತು. ಆದರೆ ಮುಖ್ಯ ಕಾರ್ಯನಿರ್ವಾಹಕರು ನಿರ್ದೇಶಕ ಮಂಡಳಿಗೆ ಬೆಳವಣಿಗೆ ತಿಳಿಸಿದ ಮೇಲ್‌ಗಳಿಗೆ ಸಿಗಲಿಲ್ಲ. ಎರಡು ತಂಡ ಅಂತ ಹೆಸರಿಗೆ ಹೇಳಿದರೂ ನಡೆಯದು. ಕ್ಲಾರ್ಕ್ ಹಿಲ್ ಎಂಬ ವಕೀಲರ ಸಂಸ್ಥೆಯೇ 2021ರಲ್ಲಿ ಸೋತಿತು; ಮೊದಲ ತಂಡ ಸ್ವತಂತ್ರವಾಗಿ ಏನನ್ನೂ ಕಂಡುಹಿಡಿದ ದಾಖಲೆ ಇರಲಿಲ್ಲ, ಇದ್ದದ್ದು ಒಂದೇ ವರದಿ, ಅದೂ ಐಟಿಯವರಿಗೆ, ಎಫ್‌ಬಿಐಗೆ ಹೋಗಿತ್ತು.

ಗಂಗಾವತಿ ಗಿರಣಿ ಲೆಕ್ಕ

ಎರಡು ತಂಡಕ್ಕ ರೊಕ್ಕ ಎಲ್ಲಿಂದ ತರೋಣ್ರಿ? ಗಿರಣಿ ಅದು, ಬ್ಯಾಂಕಲ್ಲ.

ರಾಯಚೂರು ಲಾಗ್ಸ್

ಎರಡು ಕಂಪನಿ ಬೇಕಿಲ್ಲರಿ. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳೋ ಎಎಂಸಿ ಹುಡುಗ ಅದಾನಲ್ಲ, ಅವನದು ಮೊದಲ ದಾರಿ. ಬ್ಯಾಕಪ್ ಹಾಕೋದು, ಪಾಸ್‌ವರ್ಡ್ ಬದಲಿಸೋದು, ಇಮೇಜ್ ತಗದಿಡೋದು, ಏನು ಕಂಡ್ತು ಅಂತ ಒಂದು ಪುಟ ಬರೆಯೋದು. ಸರ್ಟ್-ಇನ್‌ಗೆ, ಪೊಲೀಸರಿಗೆ, ವಿಮೆಯವರಿಗೆ ಇದ ಪುಟ. ವಕೀಲರು ಕರೆಸೋ ತಜ್ಞ ಎರಡನೇ ದಾರಿ, ಅವನಿಗೆ ಇಮೇಜಿನ ಪ್ರತಿ ಕೊಟ್ರ ಸಾಕು, ಪ್ರಶ್ನೆ ನಾಲ್ಕೇ ಇದ್ರ ಖರ್ಚೂ ಕಮ್ಮಿ.

ನಮ್ಮ ದೇಶದ ಕಾನೂನಿನ್ಯಾಗ ಇದಕ್ಕ ಇನ್ನೊಂದು ಗಟ್ಟಿ ಕಾರಣ ಅದ. ಲಾಗ್ ಕೋರ್ಟಿಗೆ ಕೊಡಬೇಕಾದ್ರ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಭಾಗ ಎ ಕೊಡವರು ತುಂಬಬೇಕು, ಭಾಗ ಬಿ ತಜ್ಞರು. ಹ್ಯಾಶ್ ಬೆಲೆ, ಯಾವ ವಿಧಾನದ್ದು, ಎಲ್ಲಾ ಬರೀಬೇಕು. ಭಾಗ ಬಿಗೆ ಸಹಿ ಹಾಕಿದವ ಪಾಟೀ ಸವಾಲಿಗೆ ನಿಂತಾನು. ಅವನೇ ವಕೀಲರಿಗೆ ಗುಟ್ಟಿನ ಅಭಿಪ್ರಾಯನೂ ಬರದು ಕೊಟ್ಟಿದ್ರ, ಕಟಕಟೆ ಮ್ಯಾಲೆ "ವಕೀಲರಿಗೆ ಇನ್ನೇನು ಹೇಳಿದಿ" ಅನ್ನೋ ಪ್ರಶ್ನೆ ಬಂದೇ ಬರ್ತದ. ಪ್ರಮಾಣಪತ್ರದ ತಜ್ಞ ಬ್ಯಾರೆ, ಸಲಹೆಯ ತಜ್ಞ ಬ್ಯಾರೆ ಇರಲಿ.

ಕೋರ್ಟ್ ರಸ್ತೆ ಬಳ್ಳಾರಿ

ಬಹಳ ಒಳ್ಳೆಯ ಮಾತು. ಭಾಗ ಎಗೂ ಇದೇ ಎಚ್ಚರ ಬೇಕು. ಕಲಂ 134ರಲ್ಲಿ ಸಾಕ್ಷಿಯಾದವನ ಬಗ್ಗೆ ಹೇಳಿದೆನಲ್ಲ, ಅದು ಇಲ್ಲಿಗೆ ಬಂದು ತಾಗುತ್ತದೆ. ಮಾಲೀಕರೇ ಭಾಗ ಎಗೆ ಸಹಿ ಹಾಕಿ, ಮಾಲೀಕರೇ ಸಾಕ್ಷಿ ಹೇಳಿ, ವಕೀಲರ ಜೊತೆಗಿನ ಎಲ್ಲ ಸಭೆಯಲ್ಲೂ ಅವರೇ ಕೂತಿದ್ದರೆ ತೊಂದರೆ. ಸರ್ವರ್ ಉಸ್ತುವಾರಿ ಇರುವ ಒಬ್ಬರನ್ನು ಅಧಿಕಾರಪತ್ರ ಕೊಟ್ಟು ಸಾಕ್ಷಿಯಾಗಿ ಗುರುತಿಸಿ, ಅವರನ್ನು ಹೊಣೆಗಾರಿಕೆಯ ಚರ್ಚೆಯಿಂದ ದೂರ ಇಡಿ.

ಕುಷ್ಟಗಿ ವಿಮೆ

ಸೈಬರ್ ವಿಮೆ ಇದ್ರ ಪಾಲಿಸಿ ಕಾಗದ ಅವತ್ತ ತಗದು ನೋಡ್ರಿ. ಕೆಲವು ಪಾಲಿಸಿನ್ಯಾಗ ತಿಳಸೋ ಗಡುವು ಇರತೈತಿ, ವಿಮಾ ಕಂಪನಿ ಒಪ್ಪಿದ ತಜ್ಞರನ್ನ ಕರಸಬೇಕು ಅಂತನೂ ಇರತೈತಿ. ಒಪ್ಪಿಗಿ ಇಲ್ಲದ ತಜ್ಞರ ಬಿಲ್ಲು ಸಿಗಲಿಕ್ಕಿಲ್ಲ. ವಿಮೆ ಕಡೆಯಿಂದ ನಷ್ಟ ಅಳೆಯೋ ಸರ್ವೇಯರ್ ಕಾರಣ ಕೇಳಿದಾಗ ವಕೀಲರಿಗೆ ಬಂದ ವರದಿ ಕೊಡಬ್ಯಾಡ್ರಿ, ಮೊದಲ ದಾರಿಯ ಪುಟ, ಲಾಗ್, ಖರ್ಚಿನ ಬಿಲ್ಲು ಕೊಡ್ರಿ. ವಿಮಾ ಕಂಪನಿ ನಾಳೆ ಕ್ಲೇಮ್ ತಳ್ಳಿ ಹಾಕಿದ್ರ ಅವರೇ ನಿಮ್ಮ ಎದುರಾಳಿ.

ಮಾನ್ವಿ ರೈತ

ನಮ್ಮ ಖಾತೆ ನಂಬರ್, ಆಧಾರ್ ಕಳುವಾದ್ರ ಗೋಪ್ಯ ಗೋಪ್ಯ ಅಂತ ಮುಚ್ಚಿಡ್ತೀರೇನು? ರೈತನಿಗೆ ಹೇಳೋರು ಯಾರು?

ಕೋರ್ಟ್ ರಸ್ತೆ ಬಳ್ಳಾರಿ

ನೀವು ಕೇಳಿದ್ದು ನ್ಯಾಯ. ಕಳುವಾಗಿದೆ ಎಂಬ ಸಂಗತಿ ಗೋಪ್ಯತೆಯೊಳಗೆ ಬರುವುದೇ ಇಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಸೋರಿಕೆಯ ಬಗ್ಗೆ ತಿಳಿಸುವ ಕರ್ತವ್ಯಕ್ಕೆ ಅಲ್ಲಿಂದ 18 ತಿಂಗಳ ಗಡುವು. ಆಮೇಲೆ ಬಾಧಿತ ಪ್ರತಿಯೊಬ್ಬರಿಗೂ, ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ. ಗಡುವಿಗೆ ಕಾಯದೆ ಇವತ್ತೇ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಖಾತೆಯಿಂದ ಹಣ ಹೋದ ಮೇಲೆ ರೈತನಿಗೆ ಗೊತ್ತಾಗಬಾರದು. ಏನು ಸೋರಿತು, ಯಾವಾಗ, ಏನು ಎಚ್ಚರ ವಹಿಸಬೇಕು, ಹಣ ಹೋದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ: ಇಷ್ಟನ್ನು ಕನ್ನಡದಲ್ಲಿ ಬರೆದು ಪ್ರತಿಯೊಬ್ಬರಿಗೂ ತಲುಪಿಸಿ.

ತೋರಣಗಲ್ಲು ಐಟಿ

ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯವರು ದೂರಿನ ಮೇಲೆ ಬಂದು ಲ್ಯಾಪ್‌ಟಾಪ್ ಜಪ್ತಿ ಮಾಡಿದರೆ? ವಕೀಲರ ಮೇಲ್ ಎಲ್ಲ ಅದರಾಗೇ ಇರುತ್ತೆ.

ಕೋರ್ಟ್ ರಸ್ತೆ ಬಳ್ಳಾರಿ

ಅದಕ್ಕೇ ಮೊದಲ ದಿನವೇ ವಕೀಲರ ಪತ್ರವ್ಯವಹಾರಕ್ಕೆ ಬೇರೆ ಮೇಲ್ ಖಾತೆ ಮಾಡಿ. ಸೋಂಕು ತಗುಲಿದ ಯಂತ್ರದಿಂದ ತೆರೆಯಲೇಬೇಡಿ, ಕಳ್ಳ ಇನ್ನೂ ಒಳಗೇ ಕೂತು ಓದುತ್ತಿರಬಹುದು. ಜಪ್ತಿ ಆಗುವುದಾದರೆ ಯಂತ್ರ ಕೊಡಲು ಅಡ್ಡಿ ಮಾಡಬೇಡಿ. "ಇದರಲ್ಲಿ ವಕೀಲರೊಂದಿಗಿನ ಗೋಪ್ಯ ಸಂವಹನ ಇದೆ, ಕಲಂ 134ರ ರಕ್ಷಣೆ ಕೋರುತ್ತೇವೆ" ಎಂದು ಪಂಚನಾಮೆಯಲ್ಲಿ ಬರೆಸಿ, ಹ್ಯಾಶ್ ಬೆಲೆಯನ್ನೂ ನಮೂದಿಸಲು ಕೇಳಿ, ಅದೇ ದಿನ ಲಿಖಿತ ಅರ್ಜಿ ಕೊಡಿ.

ವಕೀಲರ ಸಾಧನವೇ ಬೇಕೆಂದರೆ ದಾರಿ ಬೇರೆ. ಅದೇ 2025ರ ತೀರ್ಪಿನ ಪ್ರಕಾರ ಅದನ್ನು ಕೋರ್ಟಿನ ಮುಂದೆ ಮಾತ್ರ ಹಾಜರುಪಡಿಸಬೇಕು, ಆಕ್ಷೇಪಣೆ ಕೇಳಬೇಕು, ತೆರೆಯುವುದಾದರೆ ಕಕ್ಷಿದಾರ ಮತ್ತು ವಕೀಲರ ಎದುರಲ್ಲಿ, ಅವರು ಆರಿಸಿದ ತಂತ್ರಜ್ಞರ ನೆರವಿನೊಂದಿಗೆ. ಕಲಂ 132ರ ವಿನಾಯಿತಿಯಡಿ ವಕೀಲರಿಗೆ ಸಮನ್ಸ್ ಕೊಡಲು ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಅಧಿಕಾರಿಯ ಒಪ್ಪಿಗೆ ಬೇಕು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು: ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ. ಒಂದು ಗಮನಿಸಿ, ವಕೀಲರ ಬಳಿ ಇಟ್ಟ ಮೂಲ ದಾಖಲೆಗಳ ಹಾಜರಾತಿಗೆ ಕಲಂ 132 ಅಡ್ಡ ಬರದು ಎಂದೂ ಅದೇ ತೀರ್ಪು ಹೇಳಿದೆ. ಹಾರ್ಡ್ ಡಿಸ್ಕನ್ನು ವಕೀಲರ ಮನೆಗೆ ಸಾಗಿಸಿ ಪ್ರಯೋಜನ ಇಲ್ಲ.

ಗಂಗಾವತಿ ಗಿರಣಿ ಲೆಕ್ಕ

ಕೊನೇ ಪ್ರಶ್ನೆ. ತಜ್ಞರ ವರದಿ ಇಂಗ್ಲಿಷ್‌ನ್ಯಾಗ ಬರತೈತಿ, ಸಾಹುಕಾರ್ರಿಗೆ ಕನ್ನಡನ ಬೇಕು. ಕೋರ್ಟ್ ಮುಂದಿನ ಡಿಟಿಪಿ ಅಂಗಡ್ಯಾಗ ಅನುವಾದ ಮಾಡಿಸಿದ್ರ ನಡೀತೈತೇನು?

ಕೋರ್ಟ್ ರಸ್ತೆ ಬಳ್ಳಾರಿ

ಬೇಡವೇ ಬೇಡ. ಅಂಗಡಿಯವರು ಹೊರಗಿನವರು, ಅವರ ಕಂಪ್ಯೂಟರ್‌ನಲ್ಲಿ ಫೈಲ್ ಉಳಿಯುತ್ತದೆ, ಪೆನ್ ಡ್ರೈವ್ ಯಾರ ಯಾರ ಕೈಗೋ ಹೋಗುತ್ತದೆ. ಉಚಿತ ಅನುವಾದದ ಜಾಲತಾಣಕ್ಕೂ ಹಾಕಬೇಡಿ. ದುಭಾಷಿ, ಗುಮಾಸ್ತರನ್ನು ಕಲಂ 132 ಒಳಗೊಂಡಿದೆ, ಆದ್ದರಿಂದ ವಕೀಲರ ಕಚೇರಿಯಲ್ಲೇ ಅನುವಾದ ಆಗಲಿ. ಅದಕ್ಕಿಂತ ಸುಲಭ ಇನ್ನೊಂದಿದೆ: ಸಾಹುಕಾರರನ್ನು ಕಚೇರಿಗೆ ಕರೆಸಿ, ವರದಿಯನ್ನು ವಕೀಲರೇ ಓದಿ ಕನ್ನಡದಲ್ಲಿ ವಿವರಿಸಲಿ. ಪ್ರತಿ ಮನೆಗೆ ಹೋಗುವುದೇ ಬೇಡ.